ನೀಲಾ ಕುಳಿತು ಮೇವು ಹಾಕುತ್ತಾಳೆ

"ಸೊಸಿ ಬರೂದ್ರಾಗ ಈ ಮಷೀನ್ ಸರಿ ಮಾಡಸ್ತೇನಿ. ನಿನ್ನಾಣಿ."

ಬೀರಪ್ಪ ಈ ಮಾತು ಕೊಟ್ಟದ್ದು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ, ಹೆಂಡತಿ ಮುದಕವ್ವನ ಮಂಚದ ಪಕ್ಕ ನಿಂತು. ಮೇವು ಕತ್ತರಿಸುವ ಮಷೀನು ಅವಳ ಬಲಗೈಯ ಎರಡು ಬೆರಳು ತೆಗೆದುಕೊಂಡಿತ್ತು. ಮಗ ಪ್ರಭು ಆಗ ಇನ್ನೂ ಶಾಲೆಗೆ ಹೋಗುತ್ತಿದ್ದ.

ಈಗ ಪ್ರಭು ಶಿಗ್ಗಾಂವಿಯ ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಮನೆಗೆ ಸೊಸೆ ನೀಲಾ ಬಂದಿದ್ದಾಳೆ. ಕೊಟ್ಟಿಗೆಯಲ್ಲಿ ಎಮ್ಮೆಗಳು ಹೆಚ್ಚಿವೆ, ಬೆಳಗಾದರೆ ಡೈರಿಗೆ ಹಾಲು ಹೋಗಬೇಕು. ಮಷೀನು ಮಾತ್ರ ಅದೇ. ಹಾನಗಲ್ ಹತ್ತಿರದ ಆ ಊರಿನಲ್ಲಿ, ಅದೇ ಕೊಟ್ಟಿಗೆಯ ಅದೇ ಮೂಲೆಯಲ್ಲಿ ನಿಂತಿದೆ.

ಮೋಟರ್ ಶುರುವಾದರೆ ಸಾಕು, ರೊಟ್ಟಿ ಬಡಿಯುತ್ತಿದ್ದ ಮುದಕವ್ವನ ಕೈ ನಿಲ್ಲುತ್ತಿತ್ತು. ಜೋಳದ ದಂಟು ಸಲೀಸಾಗಿ ಹೋಗುವಾಗ ಸದ್ದು ಒಂದು ನಮೂನೆ. ಸಿಕ್ಕಿಕೊಂಡರೆ ಗಂಟಲು ಕಟ್ಟಿದ ಹಾಗೆ. ಗಂಟಲು ಕಟ್ಟಿದ ಹೊತ್ತಿಗೇ ಕೈ ತಾನಾಗಿ ಮುಂದೆ ಹೋಗುತ್ತದೆ. ಅದು ಅವಳಿಗೆ ಗೊತ್ತು.

"ನೀಲಾ, ಕೈ ಎಲ್ಲೈತಿ ಬೇ?" ಎಂದು ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು.

"ಎಲ್ಲಿ ಹೋಗ್ತೈತ್ರಿ ಅತ್ತಿ, ನನ್ನ ಮೈಗೇ ಐತಿ!" ಎಂದು ನೀಲಾ ನಗುತ್ತಿದ್ದಳು.

ಮುದಕವ್ವ ನಗುತ್ತಿರಲಿಲ್ಲ. ಅವಳ ಕಾಟ ತಡೆಯಲಾರದೆ ಪ್ರಭು ಆಯುಧಪೂಜೆಯ ಹೊತ್ತಿಗೆ ಕಬ್ಬಿಣದ ಮುಚ್ಚಳ ಮಾಡಿಕೊಂಡು ಬಂದ. ಹಸಿರು ಬಣ್ಣ, ದಪ್ಪ ಬೋಲ್ಟು. ನಿಂತು ಅಳತೆ ತೆಗೆದ, ನಿಂತು ಕೂರಿಸಿದ, ನಿಂತೇ ಎರಡು ಹಿಡಿ ದಂಟು ಹಾಕಿ ತೋರಿಸಿದ. ಕಾಯಿ ಒಡೆದು, ನಿಂಬೆಹಣ್ಣು ಕಟ್ಟಿ, ಮರುದಿನ ಬಸ್ಸು ಹತ್ತಿದ. ಮನೆಯವರೆಲ್ಲ ಇನ್ನು ಭಯವಿಲ್ಲ ಎಂದುಕೊಂಡರು.

ಒಂದು ಬೆಳಿಗ್ಗೆ ಸದ್ದಿನ ಗಂಟಲು ಕಟ್ಟಿತು. ಮುದಕವ್ವ ಹಿಟ್ಟಿನ ಕೈಯಲ್ಲೇ ಓಡಿದಳು. ಅವಳು ಬಾಗಿಲಿಗೆ ಬರುವಷ್ಟರಲ್ಲಿ ನೀಲಾ ಚೀರಿದಳು, ಮೋಟರ್ ತಾನಾಗಿಯೇ ನಿಂತಿತು. ಕರೆಂಟ್ ಹೋಗಿತ್ತು.

ನೀಲಾಳ ಮಣಿಕಟ್ಟು ದಂಟಿನ ಜೊತೆ ಒಳಗೆ ಹೋಗುವುದರಲ್ಲಿತ್ತು. ಹಸಿರು ಬಳೆಗಳು ಚೂರಾಗಿ ನೆಲದ ಮೇಲೆ ಬಿದ್ದಿದ್ದವು. ಕೈಗೆ ಗೀರು ಬಿದ್ದಿತ್ತು, ಅಷ್ಟೇ. ಪ್ರಭುವಿನ ಮುಚ್ಚಳ ಗೋಡೆಗೆ ಒರಗಿ ನಿಂತಿತ್ತು.

ಚೀರಿದ್ದು ಕೇಳಿ ಪಕ್ಕದ ಮನೆಯ ಸಮತಾ ಓಡಿಬಂದಳು. ಅವಳು ಹಾನಗಲ್ಲಿನ ಐಟಿಐಯಲ್ಲಿ ಕಲಿಸುತ್ತಾಳೆ. ಮೊದಲು ಮೇನ್ ಸ್ವಿಚ್ ತೆಗೆದಳು, ಆಮೇಲೆ ನೀಲಾಳ ಗಾಯ ತೊಳೆದಳು.

"ಕರೆಂಟ್ ದಿನಾ ಹಿಂಗ ಹೇಳಿದ ಹೊತ್ತಿಗೆ ಹೋಗೂದಿಲ್ಲ ಬೇ" ಎಂದಳು ಮುದಕವ್ವ.

ಸಂಜೆ ಪ್ರಭು ಬಂದವನೇ ಸಿಡಿಮಿಡಿಗೊಂಡ. "ಮುಚ್ಚಳ ಯಾಕ ಬಿಚ್ಚಿದಿ? ನಾ ಏನ್ ಆಟಕ್ಕ ಮಾಡೇನಿ?"

ಸಮತಾ ನಡುವೆ ಬಂದಳು. "ಪ್ರಭಣ್ಣ, ಬೈಯೂದು ಆಮ್ಯಾಲ. ಮೇನ್ ತಗದೈತಿ, ಬೆಲ್ಟೂ ಬಿಚ್ಚೇನಿ. ಆ ಮುಚ್ಚಳ ಹಾಕು. ನೀಲಾ, ನೀ ದಿನಾ ಹೆಂಗ ಮಾಡ್ತಿ, ಹಂಗ ಮಾಡಿ ತೋರ್ಸವ್ವ."

ನೀಲಾ ಮಷೀನಿನ ಮುಂದೆ ನೆಲಕ್ಕೆ ಕುಳಿತಳು. ದಂಟಿನ ಹೊರೆ ನೆಲದ ಮೇಲಿರುತ್ತದೆ, ಆ ಮನೆಯ ಹೆಂಗಸರು ಕುಳಿತೇ ಮೇವು ಹಾಕುವವರು. ಅದಕ್ಕೆಂದೇ ಬೀರಪ್ಪ ಮಷೀನಿನ ಕಾಲುಗಳನ್ನು ಮೊಣಕಾಲುದ್ದ ನೆಲದಲ್ಲಿ ಹುಗಿದು ಗಿಡ್ಡ ಮಾಡಿದ್ದ. ನಿಂತ ಪ್ರಭುವಿಗೆ ಮಷೀನಿನ ಬಾಯಿ ಚೆನ್ನಾಗಿ ಕಾಣುವ ಹಾಗಿದ್ದ ಮುಚ್ಚಳ, ಕುಳಿತ ನೀಲಾಳ ಕಣ್ಣಿಗೆ ನೇರ ಅಡ್ಡ ಬಂತು.

"ದಂಟು ಎಲ್ಲಿ ಹೋಗ್ತೈತಿ ಕಾಣೂದಿಲ್ರಿ. ನೋಡಾಕ ಬಗ್ಗಬೇಕು. ಬಗ್ಗಿದ್ರ ಕೈ ಮುಂದ ಹೋಗ್ತೈತಿ. ಅಂಜಿ ಬಿಚ್ಚಿದೆ."

ಅಂಜಿಕೆ ಹೋಗಲೆಂದು ಹಾಕಿದ್ದನ್ನು ಅವಳು ಅಂಜಿಯೇ ಬಿಚ್ಚಿದ್ದಳು. ಪ್ರಭುವಿನ ಮುಖ ಇಳಿಯಿತು. "ನನಗ ಹೇಳಬಾರದೇನು?"

"ನೀವೆಲ್ಲಿ ಕೇಳಿದ್ರಿ? ಕಾಯಿ ಒಡದ್ರಿ, ಬಸ್ ಹತ್ತಿದ್ರಿ."

ಸಮತಾ ಕುಳಿತುಕೊಂಡಳು. "ಇಂಜಿನಿಯರಿಂಗ್ ಅಂದ್ರ ಮೊದಲು ಕೇಳೂದು ಪ್ರಭಣ್ಣ. ಯಾರು ಬಳಸ್ತಾರ, ಹೆಂಗ ಬಳಸ್ತಾರ, ಎಲ್ಲಿ ತ್ರಾಸ ಆಗ್ತೈತಿ ನೋಡೂದು. ಆಮ್ಯಾಲ ರಟ್ಟಿನಾಗ ಮಾಡಿ ನೋಡೂದು. ತಪ್ಪಿದ್ರ ತಿದ್ದಿ, ಮತ್ತ ನೋಡೂದು. ಕಬ್ಬಿಣ ಕಡೀಕ."

"ಕಂಪನಿಯವ್ರು ಮಾಡಿದ್ದನ್ನ ನಾವೇನು ತಿದ್ದೂದು?" ಬೀರಪ್ಪ ಮೂಲೆಯಿಂದ ಗೊಣಗಿದ. "ಅದೂ ಮತ್ತ ಮತ್ತ ಮಾಡೂದಂದ್ರ, ಕೆಲಸ ಬರಲಾರದವ್ರು ಮಾಡೂದು."

"ಕಾಕಾ, ಮೊದಲ ಸಲ ರೊಟ್ಟಿ ಬಡದಾಗ ದುಂಡಗ ಬರ್ತೈತೇನ್ರಿ?"

"ಅವರಿಗೇನು ಗೊತ್ತವ್ವಾ, ತಿನ್ನೂದಷ್ಟ ಗೊತ್ತು" ಎಂದಳು ಮುದಕವ್ವ. ಆ ದಿನ ಮೊದಲ ಸಲ ಎಲ್ಲರೂ ನಕ್ಕರು.

ಮೇವು ಹೋಗುವ ದೋಣಿಯನ್ನು ಉದ್ದ ಮಾಡಿ, ಮೇಲೆ ಮುಚ್ಚಿದರೆ ಕೈ ಒಳಗೆ ಮುಟ್ಟುವುದಿಲ್ಲ ಎಂದು ಸಮತಾ ಹೇಳಿದಳು. ಪ್ರಭು ತನ್ನ ಮುಚ್ಚಳ ತೆಗೆದು, ರಟ್ಟಿನ ಪೆಟ್ಟಿಗೆ ಕತ್ತರಿಸಿ ಕಟ್ಟಿದ. ಈ ಸಲ ಅಳತೆ ತೆಗೆದದ್ದು ನೀಲಾ ಕುಳಿತಾಗ.

"ಅತ್ತ ಸರೀರಿ, ನಾ ನೋಡ್ತೇನಿ" ಎಂದು ಮುದಕವ್ವ ಮುಂದೆ ಬಂದಳು. ಕರೆಂಟಿಲ್ಲ, ಬೆಲ್ಟಿಲ್ಲ. ಅವಳು ಮೂರು ಬೆರಳಿನ ಕೈಯನ್ನು ದೋಣಿಯೊಳಗೆ ಇಳಿಸಿದಳು. ಒಳಗೆ ದಂಟು ಎಳೆಯುವ ಹಲ್ಲಿಗೆ ಕೈ ತಾಗಿತು. ಸರಕ್ಕನೆ ಹಿಂದೆ ಎಳೆದುಕೊಂಡಳು.

"ಸಾಲೂದಿಲ್ಲ. ನನ್ನ ಕೈಗೆ ಹಾದಿ ಗೊತ್ತೈತಿ."

ಪ್ರಭು ರಟ್ಟು ಬಿಚ್ಚಿದ. ಮರುದಿನ ದೋಣಿಯನ್ನು ಇಡೀ ತೋಳಿಗಿಂತ ಉದ್ದ ಮಾಡಿದ. ಕೈ ಮುಟ್ಟಲಿಲ್ಲ, ಆದರೆ ಹಸಿ ದಂಟು ದೋಣಿಯ ಬಾಯಲ್ಲೇ ಕಟ್ಟಿಕೊಂಡಿತು. ಬಾಯಿ ಅಗಲ ಮಾಡಿದ. ಆಗ ಸರಿಹೋಯಿತು. ಅದನ್ನೇ ಕಬ್ಬಿಣದಲ್ಲಿ ಮಾಡಿ, ಗಟ್ಟಿಯಾಗಿ ಕೂರಿಸಿದ.

"ಇನ್ನೊಂದೈತ್ರಿ" ಎಂದಳು ನೀಲಾ. ಯಾರಾದರೂ ಕೇಳುತ್ತಾರೆ ಎಂದು ಗೊತ್ತಾದ ಮೇಲೆ ಅವಳ ಮಾತು ಸಲೀಸಾಗಿತ್ತು. "ಬಂದ್ ಮಾಡೂ ಬಟನ್ ಬಾಗಲ ಹಿಂದೈತಿ. ಕೈ ಸಿಕ್ಕಾಗ ನಾ ಅಲ್ಲೀತನಕ ಹೆಂಗ ಹೋಗ್ಲಿ?"

ಎಲ್ಲರೂ ಬಾಗಿಲ ಕಡೆ ನೋಡಿದರು. ಇಷ್ಟು ವರ್ಷ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಎಲೆಕ್ಟ್ರಿಶಿಯನ್ ಮಲ್ಲಿಕಸಾಬ ಬಂದು ನೀಲಾಳ ಎಡಗೈಗೆ ಎಟಕುವಂತೆ ಕೆಂಪು ಬಟನ್ ಹಾಕಿದ. ಬೆಲ್ಟು ಹಾಕಿ ಮೋಟರ್ ಶುರು ಮಾಡಿದರು. ಕುಳಿತಲ್ಲಿಂದಲೇ ಅವಳು ಒತ್ತಿದಳು. ಮೋಟರ್ ನಿಂತಿತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರು ಹಾನಗಲ್ ಕಡೆ ಇರಲಿ, ಸವಣೂರು, ಹಿರೇಕೆರೂರು ಕಡೆ ಇರಲಿ, ಮೇವಿನ ಮಷೀನು ಇದ್ದರೆ ನಾಳೆಯೇ ಕರೆಂಟ್ ತೆಗೆದು ಅದರ ಮುಂದೆ ಒಮ್ಮೆ ಕುಳಿತು ನೋಡಿ. ಕೈ ಒಳಗಿನ ಹಲ್ಲಿಗೆ ಮುಟ್ಟುತ್ತದೆಯೇ? ಬಂದ್ ಮಾಡುವ ಬಟನ್ ಕುಳಿತವರ ಕೈಗೆ ಎಟಕುತ್ತದೆಯೇ? ಸಿಕ್ಕಿಕೊಂಡ ದಂಟನ್ನು ಮೋಟರ್ ನಿಲ್ಲಿಸದೆ ಎಳೆಯಬೇಡಿ. ಬಳೆ, ಸೆರಗು ದೂರವಿರಲಿ. ಹೊಸದೇನು ತಂದರೂ, ಏನು ತಿದ್ದಿಸಿದರೂ, ದಿನಾ ಅದರ ಮುಂದೆ ಕೂರುವವರನ್ನು ಮೊದಲು ಕೇಳಿ. ಅವರು ಮುಚ್ಚಳ ಬಿಚ್ಚಿಟ್ಟಿದ್ದರೆ ಬೈಯುವ ಮುಂಚೆ ಯಾಕೆಂದು ಕೇಳಿ.

ಸೊಸೆ ಬರುವುದರೊಳಗೆ ಸರಿ ಮಾಡಿಸುತ್ತೇನೆ ಎಂದಿದ್ದ ಬೀರಪ್ಪ. ಸೊಸೆ ಬಂದು ನಾಲ್ಕು ವರ್ಷವಾದ ಮೇಲೆ ಸರಿಯಾಯಿತು. ಅವನ ಮಾತು ಉಳಿಯಲಿಲ್ಲ. ನೀಲಾಳ ಕೈ ಉಳಿದದ್ದು ಕರೆಂಟ್ ಹೋಗಿದ್ದರಿಂದ.