ಎರಡೂ ಕಾಲಿನ ಮೇಲೆ ಅತ್ತೆ

ನನ್ನ ಕೆಲಸ ಜನರ ಎಕ್ಸ್‌ರೇ ತೆಗೆಯುವುದು. ಗುಂಡಿ ಒತ್ತುವುದು ಯಾರಿಗಾದರೂ ಬರುತ್ತದೆ. ಒತ್ತುವ ಮೊದಲು ಮನುಷ್ಯರನ್ನು ಸರಿಯಾಗಿ ನಿಲ್ಲಿಸುವುದಿದೆಯಲ್ಲ, ಅದರಲ್ಲೇ ನನ್ನ ಜೀವ ಹೋಗುತ್ತದೆ. ಭುಜ ತಿರುಗಿಸಿ ಎಂದರೆ ತಲೆ ತಿರುಗಿಸುತ್ತಾರೆ. ಉಸಿರು ಹಿಡಿಯಿರಿ ಎಂದರೆ ಕಣ್ಣು ಮುಚ್ಚುತ್ತಾರೆ. ಒಬ್ಬ ಮಹಾರಾಯರಂತೂ ಕೈ ಚಾಚಿ ಎಂದಿದ್ದಕ್ಕೆ ನನ್ನ ಕೈ ಕುಲುಕಿ, ತಮ್ಮ ಪರಿಚಯ ಹೇಳಿಕೊಂಡರು. ಇವರನ್ನೆಲ್ಲ ಹೇಗೋ ಸಹಿಸಿಕೊಳ್ಳಬಹುದು. ಆಗದೇ ಇರುವುದು ನನ್ನ ಅತ್ತೆಯನ್ನು.

ಅತ್ತೆ ದರ್ಜಿ. ಪೇಟೆ ಬೀದಿಯ ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ, ಕಾಲಲ್ಲಿ ತುಳಿಯುವ ಹಳೆಯ ಮೆಷಿನ್ ಇಟ್ಟುಕೊಂಡು ಕೂತಿದ್ದಾರೆ. ಮೋಟಾರು ಹಾಕಿಸೋಣ ಎಂದರೆ ಮೂಗು ಮುರಿಯುತ್ತಾರೆ. "ಅದು ನನ್ನ ಮಾತು ಕೇಳಲ್ಲ. ಮಾತು ಕೇಳದೋರು ಮನೇಲಿ ಸಾಕಷ್ಟು ಜನ ಇದ್ದೀರಿ." ಎರಡು ವರ್ಷದಿಂದ ಅವರಿಗೆ ಬಲ ಮಂಡಿ ನೋವು. ಮೆಟ್ಟಿಲನ್ನು ಅಡ್ಡಡ್ಡವಾಗಿ ಹತ್ತುತ್ತಾರೆ. ಯಾಕೆಂದು ಕೇಳಿದರೆ, ಮೆಟ್ಟಿಲು ಕಿರಿದಂತೆ. ಇಷ್ಟು ವರ್ಷ ಅಗಲವಾಗಿತ್ತೇನೋ!

ಕೊನೆಗೆ ನನ್ನ ಗಂಡ, ಯಾವತ್ತೂ ದನಿ ಎತ್ತದ ಪ್ರಾಣಿ, ಊಟಕ್ಕೆ ಕೂತಾಗ ಪಟ್ಟು ಹಿಡಿದ. "ಅಮ್ಮ, ಎಕ್ಸ್‌ರೇ ತೆಗೆಸೋಣ. ಬಲ ಮಂಡಿ ಸವೆದಿದೆ ಅಂತ ಬಂದ್ರೆ ಅಂಗಡಿ ಮುಚ್ಚೋದೇ. ಇನ್ನೊಂದು ಮಾತಿಲ್ಲ."

"ಸರಿಯಪ್ಪ" ಎಂದುಬಿಟ್ಟರು ಅತ್ತೆ. ಅವರು ಒಂದೇ ಮಾತಿಗೆ ಒಪ್ಪಿದ್ದನ್ನು ನಾನು ಈ ಮನೆಗೆ ಬಂದ ಮೇಲೆ ಕಂಡಿರಲಿಲ್ಲ. ಆಗಲೇ ನನ್ನ ಕಿವಿ ನೆಟ್ಟಗಾಗಬೇಕಿತ್ತು.

ಮೂಳೆ ಡಾಕ್ಟರು ಚೀಟಿಯಲ್ಲಿ ಎರಡೂ ಮಂಡಿ, ನಿಲ್ಲಿಸಿ ತೆಗೆಯಬೇಕು ಎಂದು ಬರೆದಿದ್ದರು. ಗಂಡನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಅತ್ತೆಯನ್ನು ಒಳಗೆ ಕರೆದುಕೊಂಡೆ. ಅವರು ನೇರ ಹೋಗಿ ಟೇಬಲ್ ಮೇಲೆ ಮಲಗಿಬಿಟ್ಟರು.

"ಏಳಿ ಅತ್ತೆ. ನಿಂತ್ಕೋಬೇಕು."

"ಮಲಗಿಸೇ ತೆಗಿಯೇ. ಹೊರಗೆ ಕೂತಿರೋ ಹೆಂಗಸಿಗೆ ಮಲಗಿಸೇ ತೆಗೆದ್ಯಂತೆ. ಚೆನ್ನಾಗಿ ಬಂತಂತೆ."

"ಅವರಿಗೆ ಕಾಲಿನ ಹೆಬ್ಬೆರಳು ಮುರಿದಿದೆ ಅತ್ತೆ."

ಮಲಗಿಸಿದರೆ ಮಂಡಿ ಸುಳ್ಳು ಹೇಳುತ್ತದೆ. ತೊಡೆಯ ಮೂಳೆಗೂ ಕೆಳಗಾಲಿನ ಮೂಳೆಗೂ ನಡುವೆ ಮೆತ್ತೆಯಂಥದ್ದೊಂದು ಪದರ ಇದೆ. ಅದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ; ಅದಿರುವ ಜಾಗ ಕಪ್ಪು ಸಂದಿನ ಹಾಗೆ ಕಾಣುತ್ತದೆ. ಮೆತ್ತೆ ಸವೆದಿದ್ದರೂ ಮಲಗಿದಾಗ ಆ ಸಂದು ಅಗಲವಾಗಿಯೇ ಇರಬಹುದು. ನಿಂತು, ಮೈಭಾರ ಮೇಲೆ ಬಿದ್ದಾಗಲೇ ಮೂಳೆ ಮೂಳೆ ಹತ್ತಿರ ಬಂದು ನಿಜ ಬಾಯಿಬಿಡುವುದು.

ಗೊಣಗುತ್ತಾ ಎದ್ದರು. ಮಂಡಿಯ ಹಿಂಭಾಗ ಎಕ್ಸ್‌ರೇ ಹಲಗೆಗೆ ತಾಗಿಸಿ, ಮಂಡಿಚಿಪ್ಪು ಎದುರಿಗೆ ಮಾಡಿ, ಎರಡೂ ಕಾಲಿನ ಮೇಲೆ ಸಮವಾಗಿ ನಿಲ್ಲಿ ಎಂದೆ. ಎರಡೂ ಬದಿಯ ಹಿಡಿಗಳನ್ನು ಹಿಡಿದುಕೊಂಡು ಮುಖ ಗಂಟು ಹಾಕಿ ನಿಂತರು. ನಾನು ಗಾಜಿನ ಹಿಂದೆ ಹೋಗಿ ಗುಂಡಿ ಒತ್ತಿದೆ.

ಪರದೆಯ ಮೇಲೆ ಬಂದದ್ದನ್ನು ನೋಡಿ ಕಣ್ಣುಜ್ಜಿಕೊಂಡೆ. ಎರಡು ವರ್ಷದಿಂದ ನರಳುತ್ತಿರುವ ಬಲ ಮಂಡಿಯ ಸಂದು ಅಗಲವಾಗಿ, ಸೊಗಸಾಗಿದೆ. ಎಂದೂ ನೋವೆನ್ನದ ಎಡ ಮಂಡಿಯದು ಒಳಬದಿಯಲ್ಲಿ ಕಿರಿದಾಗಿದೆ. ಎಡ ಬಲದ ಸೀಸದ ಗುರುತನ್ನು ಅದಲುಬದಲು ಇಟ್ಟೆನೇ ಎಂದು ಅನುಮಾನ ಬಂತು. ಹೋಗಿ ನೋಡಿದರೆ ಗುರುತು ಸರಿಯಾಗಿಯೇ ಇದೆ. ಆಮೇಲೆ ಅತ್ತೆಯ ಮುಖ ನೋಡಿದೆ. ಹಾಲು ಕುಡಿಯುವ ಮಗುವಿಗೂ ಅಷ್ಟು ಮುಗ್ಧ ಮುಖ ಇರುವುದಿಲ್ಲ.

ನನ್ನ ಹತ್ತಿರ ಹಳೆಯ ಎಕ್ಸ್‌ರೇ ಫಿಲ್ಮಿನದೊಂದು ಪಟ್ಟಿ ಇದೆ. ಅನುಮಾನ ಬಂದವರ ಹಿಮ್ಮಡಿಯ ಕೆಳಗೆ ಅದನ್ನು ಇಟ್ಟು ನಿಲ್ಲಿಸಿ, ಮೆಲ್ಲಗೆ ಎಳೆಯುತ್ತೇನೆ. ಆ ಕಾಲಿನ ಮೇಲೆ ಭಾರ ಬಿದ್ದಿದ್ದರೆ ಪಟ್ಟಿ ಅಲ್ಲಾಡುವುದಿಲ್ಲ. ಅತ್ತೆಯ ಬಲ ಹಿಮ್ಮಡಿಯಿಂದ ಅದು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು.

"ಅತ್ತೆ, ಅಳತೆ ಕೊಡುವಾಗ ಗಿರಾಕಿಗಳು ಹೊಟ್ಟೆ ಒಳಗೆಳ್ಕೊಂಡ್ರೆ ಏನ್ಮಾಡ್ತೀರಿ?"

"ಬೈತೀನಿ. ಬಟ್ಟೆ ಹಾಕ್ಕೊಂಡು ಉಸಿರು ಬಿಟ್ಟ ತಕ್ಷಣ ಹೊಲಿಗೆ ಬಿಟ್ಟು..." ಎಂದವರು ಸಿಕ್ಕಿಬಿದ್ದದ್ದು ಗೊತ್ತಾಗಿ ನಾಲಿಗೆ ಕಚ್ಚಿಕೊಂಡರು.

"ನೀವು ಬಲಗಾಲನ್ನ ಬಚ್ಚಿಟ್ಟು ಭಾರಾನೆಲ್ಲ ಎಡಗಾಲಿಗೆ ಹೊರಿಸಿದ್ರಿ. ಅದು ಹೋಗಿ ಚಾಡಿ ಹೇಳಿದೆ. ಎರಡು ವರ್ಷ ಹೊತ್ತೂ ಹೊತ್ತೂ ಅದೂ ಸವೀತಾ ಇದೆ."

ನಗುತ್ತಲೇ ಹೇಳಿದ್ದೆ. ಅತ್ತೆ ನಗಲಿಲ್ಲ.

"ಸುಳ್ಳು! ಅದು ಒಳ್ಳೇ ಕಾಲು ಕಣೇ. ಅದಕ್ಕೇನೂ ಆಗಿಲ್ಲ." ಎಡ ಮಂಡಿಯನ್ನು ಕೈಯಿಂದ ಮುಚ್ಚಿಕೊಂಡರು. "ಎರಡೂ ಹೋದ್ರೆ ನಾನು ಯಾತರಿಂದ ತುಳೀಲಿ?"

ಇಡೀ ಬೀದಿಯ ಬಾಯಿ ಮುಚ್ಚಿಸುವ ಹೆಂಗಸು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕುರ್ಚಿ ಎಳೆದು ಕೂರಿಸಿದೆ.

"ನೀನೊಬ್ಳು ಮನಸ್ಸು ಮಾಡಿದ್ರೆ ಆಯ್ತು," ಎಂದರು ಮೆಲ್ಲಗೆ. "ಇದನ್ನೇ ಕಳಿಸು. ಬಲಗಾಲು ಚೆನ್ನಾಗಿದೆ ಅಂತ ಬರ್ಲಿ. ಅವನು ಅಂಗಡಿ ತಂಟೆಗೆ ಬರಲ್ಲ. ಅಂಗಡಿ ಮುಚ್ಚಿದ ಮೇಲೆ ನಾನು ಯಾರೇ? ಅವನಿಗೆ ಅಮ್ಮ, ನಿನಗೆ ಅತ್ತೆ. ಮೂಲೇಲಿ ಕೂತಿರೋ ಮುದುಕಿ."

ನನಗೆ ಸಿಟ್ಟೇ ಬಂತು. ನಾನು ಈ ಹೆಂಗಸನ್ನು ಇಷ್ಟೊಂದು ಹಚ್ಚಿಕೊಂಡಿದ್ದೇನೆ ಎಂದು ತಿಳಿಯುವುದಕ್ಕೆ ಬೇರೆ ಹೊತ್ತೇ ಸಿಗಲಿಲ್ಲವೇ? ಹೊರಗೆ ಇನ್ನೂ ಮೂರು ಜನ ಕಾಯುತ್ತಿದ್ದರು.

"ಕಳಿಸಲ್ಲ. ಇದನ್ನ ನೋಡಿ ಡಾಕ್ಟರು ಬಲಗಾಲನ್ನ ಬಿಟ್ಟು ಎಡಗಾಲಿನ ಹಿಂದೆ ಬೀಳ್ತಾರೆ. ಬೇಕಾ ನಿಮಗೆ? ಏಳಿ, ಸರಿಯಾಗಿ ನಿಂತ್ಕೊಳ್ಳಿ. ಅಂಗಡಿ ಜಗಳ ಆಮೇಲೆ ಆಡೋಣ. ಆ ಜಗಳದಲ್ಲಿ ನಾನು ನಿಮ್ಮ ಕಡೆ."

"ಆಣೆ?"

"ಆಣೆ."

ಎದ್ದರು. ಹಿಡಿಗಳನ್ನು ಹಿಡಿದು ಹಲ್ಲು ಕಚ್ಚಿ ಬಲಗಾಲಿನ ಮೇಲೆ ಭಾರ ಬಿಟ್ಟರು. ಪಟ್ಟಿ ಎಳೆದೆ, ಬರಲಿಲ್ಲ. ಅವರ ಬಾಯಿಂದ ಸಣ್ಣದೊಂದು ನರಳಿಕೆ ಬಂತು. ಒಂದೇ ಮನೆಯಲ್ಲಿದ್ದೂ ನಾನು ಅದನ್ನು ಯಾವತ್ತೂ ಕೇಳಿರಲಿಲ್ಲ. ಗಾಜಿನ ಹಿಂದಕ್ಕೆ ಓಡಿದೆ. ಈ ಸಲ ಬಲ ಮಂಡಿಯ ಒಳಬದಿಯಲ್ಲಿ ಸಂದೇ ಇರಲಿಲ್ಲ. ಮೂಳೆಯ ಮೇಲೆ ಮೂಳೆ ಕೂತಿತ್ತು.

ಗಂಡನನ್ನೂ ಕರೆದುಕೊಂಡು ಡಾಕ್ಟರ ಕೋಣೆಗೆ ಹೋದೆವು. ಅವರು ಎರಡೂ ಎಕ್ಸ್‌ರೇಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಮೊದಲನೆಯದು ಯಾಕೆ ಹಾಗಿದೆ ಎಂದು ನಾನೇ ಹೇಳಿದೆ. ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. ಆಪರೇಷನ್ ಮಾಡಿ ಬಲ ಮಂಡಿ ಬದಲಾಯಿಸಬೇಕು, ಆಮೇಲೆ ಎಡಗಾಲಿನ ಹೊರೆ ಇಳಿಯುತ್ತೆ, ಅದಕ್ಕೆ ಸದ್ಯ ವ್ಯಾಯಾಮ ಸಾಕು ಎಂದರು ಡಾಕ್ಟರು.

"ಮೆಷಿನ್ ತುಳಿಯೋದು?" ಅತ್ತೆ ಕೇಳಿದರು.

"ಕೆಲವು ತಿಂಗಳು ಇಲ್ಲ. ಆಮೇಲೆ ನೋಡೋಣ. ಹಟ ಇದ್ದೋರು ತುಳೀತಾರೆ."

"ಹಟಕ್ಕೇನೂ ಕಮ್ಮಿ ಇಲ್ಲ" ಎಂದು ನಾನೂ ನನ್ನ ಗಂಡನೂ ಒಟ್ಟಿಗೇ ಹೇಳಿದೆವು. ಮದುವೆಯಾದ ಮೇಲೆ ನಾವಿಬ್ಬರೂ ಒಪ್ಪಿದ ವಿಷಯಗಳಲ್ಲಿ ಅದೂ ಒಂದು.

ಹೊರಗೆ ಬಂದಕೂಡಲೇ ಅವನು ಶುರು ಮಾಡಿದ. "ಹಾಗಾದ್ರೆ ಅಂಗಡಿ..."

"ಇರತ್ತೆ," ಎಂದೆ ನಾನು. "ಇನ್ನೊಂದು ಸಲ ಆ ಸುದ್ದಿ ಎತ್ತಿದ್ರೆ ನಿನ್ನನ್ನೇ ಒಳಗೆ ಕರ್ಕೊಂಡು ಹೋಗಿ ನಿಲ್ಲಿಸ್ತೀನಿ."

ಅವನು ಅಮ್ಮನ ಮುಖ ನೋಡಿದ, ನನ್ನ ಮುಖ ನೋಡಿದ, ಗಾಡಿ ತರುತ್ತೇನೆಂದು ಜಾಗ ಖಾಲಿ ಮಾಡಿದ.

ಅತ್ತೆ ಬೆಂಚಿನ ಮೇಲೆ ಕೂತು, ಕೊರಳಲ್ಲಿದ್ದ ದಾರವನ್ನು ತಲೆಯ ಮೇಲಿಂದ ತೆಗೆದರು. ಅದರಲ್ಲಿ ಅಂಗಡಿಯ ಬೀಗದ ಕೈ ಇತ್ತು. ಮಗನ ಕೈಗೂ ಅದನ್ನು ಕೊಟ್ಟವರಲ್ಲ. ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

"ನಾನು ಮಲಗಿರೋ ತನಕ ದಿನಾ ಸಂಜೆ ಹೋಗಿ ಬಾಗಿಲು ತೆಗಿ."

"ನನಗೆ ಒಂದು ಗುಂಡಿ ಹೊಲಿಯೋಕೂ ಬರಲ್ಲ ಅತ್ತೆ."

"ಅದು ನನಗೆ ಗೊತ್ತಿಲ್ವಾ? ದಮ್ಮಯ್ಯ, ಅಲ್ಲಿ ಏನನ್ನೂ ಮುಟ್ಬೇಡ. ದೀಪ ಹಾಕಿ ಕಿಟಕಿ ಪಕ್ಕ ಸುಮ್ನೆ ಕೂತ್ಕೋ. ಬೀದೀಲಿ ಹೋಗೋರು ತಲೆ ಎತ್ತಿ ನೋಡಿದ್ರೆ, ದರ್ಜಿ ಇನ್ನೂ ಇದ್ದಾಳೆ ಅನ್ಕೊಳ್ಲಿ."