ಕಸದ ಬುಟ್ಟಿಯಿಲ್ಲದ ಕಪ್ಪು ಪರದೆ

೧.
ಎಲ್ಲಿಂದ ಶುರುಮಾಡಲಿ? ಬಸ್ ಸ್ಟಾಪಿನಿಂದ ಎಂದುಕೊಂಡಿದ್ದೆ. ಅಲ್ಲಿ ಆಗಲೇ ಬೇರೆಯವರ ಕಥೆಗಳು ಸಾಲುಗಟ್ಟಿ ನಿಂತಿವೆ. ಹಾಗಾಗಿ ಕಪ್ಪು ಪರದೆಯಿಂದ ಶುರು. ಮೂಲೆಯಲ್ಲೊಂದು ಪುಟ್ಟ ಗೆರೆ ಮಿಣುಕುತ್ತಿದೆ. ಇದರ ಹೆಸರು ಟರ್ಮಿನಲ್. ಚಿತ್ರವಿಲ್ಲ, ಬಟನ್ ಇಲ್ಲ, ಏನಿದ್ದರೂ ಟೈಪ್ ಮಾಡಿ ಅಪ್ಪಣೆ ಕೊಡಬೇಕು. (ಈ ಮನೆಯಲ್ಲಿ ನನ್ನ ಅಪ್ಪಣೆ ಪಾಲಿಸುವುದು ಇದೊಂದೇ.)

೨.
ಇದರ ಹುಚ್ಚು ಹಚ್ಚಿದ್ದು ಅಕ್ಕ. ಟೈಪಿಂಗ್ ಶಾಲೆ ನಡೆಸಿ ನಿವೃತ್ತಳಾದ ಅವಳಿಗೆ ಮೌಸ್ ಕಂಡರಾಗದು. ಹತ್ತು ಬೆರಳಿದ್ದೂ ಒಂದರಲ್ಲೇ ಕುಟ್ಟುವುದು ಬೆರಳಿಗೇ ಅವಮಾನವಂತೆ. ಕಂಪ್ಯೂಟರ್ ಒಂದೇ, ಲಾಗಿನ್ ಮಾತ್ರ ಬೇರೆ ಬೇರೆ. ತಿಂಡಿ ಮುಗಿಸಿ ಇಬ್ಬರೂ ಅಕ್ಕಪಕ್ಕ ಕೂತು ಕಲಿಯುತ್ತೇವೆ. ls ಎಂದರೆ ಏನೇನಿದೆ ತೋರಿಸು. cd ಎಂದರೆ ಆ ಫೋಲ್ಡರಿಗೆ ಹೋಗು. cp ಎಂದರೆ ನಕಲು ಮಾಡು, rm ಎಂದರೆ ತೆಗೆದುಹಾಕು. mkdir ಎಂದರೆ ಹೊಸ ಫೋಲ್ಡರ್. ಅದನ್ನು ಕಲಿತ ಖುಷಿಗೆ ಖಾಲಿ ಫೋಲ್ಡರುಗಳನ್ನು ಕಟ್ಟಿದ್ದೇ ಕಟ್ಟಿದ್ದು!

೨. (ಮತ್ತೆ)
ಕಥೆ ಎಲ್ಲಿ ಅಂದಿರಾ? ಒಂದು ಫೈಲಿನಲ್ಲಿತ್ತು. ಅದರಲ್ಲೊಬ್ಬ ಬಸ್ ಕಂಡಕ್ಟರ್. ಗಡಿಯಾರ ರಿಪೇರಿ ಮಾಡುವವಳ ಮೇಲೆ ಅವನಿಗೆ ಮನಸ್ಸು. ಅವಳನ್ನು ನೋಡುವ ನೆಪಕ್ಕೆ ಕೈಗಡಿಯಾರದ ಕೀಲಿಯನ್ನು ತಾನೇ ಕಿತ್ತು ಅಂಗಡಿಗೆ ಹೋಗುತ್ತಾನೆ. ಪ್ರತಿ ಡ್ರಾಫ್ಟಿನಲ್ಲೂ ಮದುವೆಯಾಗ್ತೀರಾ ಎಂದು ಕೇಳುತ್ತಾನೆ, ಅವಳು ನಾಳೆ ಬನ್ನಿ, ರಿಪೇರಿಯಾಗಿರುತ್ತೆ ಅನ್ನುತ್ತಾಳೆ. ಕೊನೆಯ ಡ್ರಾಫ್ಟಿನಲ್ಲಿ ಇದ್ದಕ್ಕಿದ್ದಂತೆ ‘ಹೂಂ’ ಅಂದುಬಿಟ್ಟಳು. ತೀರಾ ಸಿಹಿಯಾಯಿತು ಅನ್ನಿಸಿ rm ಹೊಡೆದೆ.

೩.
ನನ್ನ ಧೈರ್ಯಕ್ಕೆ ಕಾರಣವಿದೆ. ಕಾಗದದ ಕಾಲದಿಂದಲೂ ನಾನು ಡ್ರಾಫ್ಟನ್ನು ಮುದ್ದೆ ಮಾಡಿ ಬುಟ್ಟಿಗೆಸೆಯುವವನು. ಅಕ್ಕ ಅದನ್ನೆತ್ತಿ, ಅಂಗೈಯಲ್ಲಿ ಸವರಿ ಓದಿ, ಚೆನ್ನಾಗಿದ್ದರೆ ಬೆಳಿಗ್ಗೆ ನನ್ನ ಚಹಾದ ಲೋಟದ ಕೆಳಗಿಡುತ್ತಾಳೆ. ಇಬ್ಬರೂ ಈ ಬಗ್ಗೆ ಚಕಾರವೆತ್ತಿದ್ದಿಲ್ಲ. ಮರುದಿನ ಲೋಟ ಎತ್ತಿದೆ. ಕೆಳಗೇನೂ ಇರಲಿಲ್ಲ. ಬುಟ್ಟಿ ಎಲ್ಲಿ ಎಂದು ಅಕ್ಕನನ್ನು ಕೇಳಿದೆ.

“ಇದರಲ್ಲಿ ಬುಟ್ಟಿ ಇಲ್ಲ ಕಣೋ. rm ಅಂದ್ರೆ ಹೋಯ್ತು ಅಂತಲೇ.”

೫.
(ನಾಲ್ಕನ್ನು ಬರೆದು ಅಳಿಸಿದೆ. ಹುಟ್ಟುಗುಣ.) ಅಳಿಸಿದ ಕಥೆಯ ಕಂಡಕ್ಟರ್, ಚೀಲ ನೇತುಹಾಕಿಕೊಂಡೇ ನನ್ನೆದುರು ಬಂದು ನಿಂತ. ಸಮಾಧಾನ ಮಾಡಲು ಬೇರೆ ಅಂತ್ಯಗಳನ್ನು ಹರವಿದೆ. ಅವಳು ಅವನ ಬಸ್ಸಿನಲ್ಲೇ ಅಂಗಡಿ ಇಡುತ್ತಾಳೆ. ಬೇಡವೇ? ಊರಿನ ಗಡಿಯಾರಗಳೆಲ್ಲ ಒಟ್ಟಿಗೆ ಹೊಡೆಯುತ್ತವೆ. ಅದೂ ಬೇಡವೇ? ಹೋಗಲಿ, ಇನ್ನೊಂದು ‘ಹೂಂ’ ಬರೆದುಕೊಡಲಾ?

“ಅದು ನಿಮ್ಮ ಹೂಂ ಆಗುತ್ತೆ ಸಾರ್. ನಂಗೆ ಅವಳದು ಬೇಕು.”

ಬರೆದು ನೋಡಿದೆ. ನಿಜಕ್ಕೂ ನನ್ನದೇ ಆಗಿತ್ತು. ಅವಳು ಯಾವ ಕಡೆ ತಿರುಗಿ ಹೇಳಿದಳು, ಕೈಯಲ್ಲಿ ಏನಿತ್ತು, ಒಂದೂ ನೆನಪಿಲ್ಲ. ನನಗೆ ಅಳು ಬರುವಂತಾಯಿತು.

೬.
ಆಗ ಅಕ್ಕ ಕೆಮ್ಮಿದಳು. ನಾನು ಮುಖ ತೊಳೆಯಲು ಎದ್ದಾಗಲೆಲ್ಲ ಅವಳು ನನ್ನ ಫೈಲನ್ನು cp ಮಾಡಿ ತನ್ನ ಫೋಲ್ಡರಿಗೆ ಹಾಕಿಕೊಳ್ಳುತ್ತಿದ್ದಳಂತೆ! ನಾನು ಕುರ್ಚಿಯ ಸುತ್ತ ಕುಣಿದೆ, ಕಂಡಕ್ಟರ್ ಸೀಟಿ ಊದಿದ. cd ಹೊಡೆದು ಅವಳ ಫೋಲ್ಡರಿಗೆ ನುಗ್ಗಿದೆ.

‘ಪರ್ಮಿಷನ್ ಡಿನೈಡ್’, ಅಂದರೆ ಅನುಮತಿ ಇಲ್ಲ, ಅಂದಿತು ಪರದೆ.

ಅಕ್ಕ ನನಗಿಂತ ಒಂದು ಪಾಠ ಮುಂದಿದ್ದಳು. chmod ಎಂಬುದನ್ನು ಕಲಿತು ತನ್ನ ಫೋಲ್ಡರಿಗೆ ಚಿಲಕ ಹಾಕಿದ್ದಳು. ತೆಗಿ ಅಕ್ಕಾ ಎಂದು ಗೋಗರೆದೆ.

“ತೆಗೆದ್ರೆ ಮತ್ತೆ ಎಸೀತೀಯ. ಅವಳು ಹೂಂ ಅಂದಿದ್ದು ನಿಂಗೆ ಸಿಹಿ ಆಯ್ತು ಅಂತ.”

ಕಂಡಕ್ಟರ್ ಮೆಲ್ಲಗೆ ಕೇಳಿದ: “ಅವಳು ಒಳಗಿದ್ದಾಳಾ ಅಕ್ಕಾ?”

“ಇದ್ದಾಳೆ.”

“ಹಾಗಾದ್ರೆ ಕಾಯ್ತೀನಿ.” ಕೈಗಡಿಯಾರದ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡ.

೭.
ಅಂತ್ಯ ಬೇಕಿದ್ದರೆ ಅಕ್ಕನನ್ನು ಕೇಳಿ. ಅದನ್ನು ಓದುವ ಅನುಮತಿ ನನಗಿಲ್ಲ. ಎಸೆಯುವ ಅನುಮತಿಯೂ ಇಲ್ಲ, ಸದ್ಯ.