ಕುಣಿಯಬಾರದ ಗ್ಯಾಲರಿ

ನನ್ನ ಗಂಡ ಹಾರ್ಲನ್ ಟೀಗ್ ಈ ಊರಿನ ವಿಶ್ವವಿದ್ಯಾಲಯಕ್ಕೆ ಬಹಳ ವರ್ಷ ಅಧ್ಯಕ್ಷನಾಗಿದ್ದ. ಜೋಳದ ಹೊಲಗಳಿದ್ದಲ್ಲಿ ಹಾಸ್ಟೆಲ್ಲು, ಪ್ರಯೋಗಾಲಯ, ಫುಟ್‌ಬಾಲ್ ಕ್ರೀಡಾಂಗಣ ಎದ್ದದ್ದು ಅವನ ಕಾಲದಲ್ಲೇ. ಹಳೆಯ ವಿದ್ಯಾರ್ಥಿಗಳೆಲ್ಲ ಮರಳಿ ಬರುವ ಅಕ್ಟೋಬರಿನ ಪಂದ್ಯದ ದಿನ, ಪೂರ್ವದ ಗ್ಯಾಲರಿಗೆ ಅವನ ಹೆಸರಿಡುವವರಿದ್ದರು.

ಅದರ ಎದುರು ಬದಿಯಲ್ಲಿ ನಮ್ಮ ಪಕ್ಕ ಕೂತಿದ್ದ ಹೊಸ ಅಧ್ಯಕ್ಷ ಪ್ರೆಸ್ಕಾಟ್ ಹಿಗ್ಗಿನಿಂದ ಹೇಳಿದ: "ಸರ್, ನಿಮಗೊಂದು ಉಡುಗೊರೆ. ಆ ಗ್ಯಾಲರಿಲಿ ಕುಣಿಯೋ ಹಾಗಿಲ್ಲ ಅಂತ ನೀವು ಕಟ್ಟಳೆ ಮಾಡಿದ್ರಲ್ಲ, ಅದನ್ನ ತೆಗೆದುಹಾಕಿದೀನಿ. ಅಂಕ ಬಂದಾಗೆಲ್ಲ ಮಕ್ಕಳು ಒಟ್ಟಿಗೇ ಕುಣೀತಾರೆ, ಹಳೇ ಕಾಲದ ಹಾಗೆ!"

"ಸಿಡುಕು ಮುದುಕ ಅಂತಿದ್ರು, ಇನ್ಮೇಲೆ ಮುದ್ದು ಮಾಡ್ತಾರೆ ಬಿಡು," ಎಂದು ನಾನು ನಕ್ಕೆ. ಹಾರ್ಲನ್ ನಗಲಿಲ್ಲ. ಅವನ ಕೈಯ ಕಾಫಿ ಪ್ಯಾಂಟಿನ ಮೇಲೆ ಚೆಲ್ಲಿತು.

"ವರ್ನಾ," ಎಂದು ನನ್ನ ಕಡೆ ತಿರುಗಿದ, "ದೊಡ್ಡ ಲೀಗ್ ಸೇರೋಕೆ ಸೀಟು ಸಾಲ್ತಿರಲಿಲ್ಲ. ಹಳೇ ಕಂಬಗಳ ಮೇಲೇ ಇನ್ನಷ್ಟು ಸಾಲು ಏರಿಸಿಬಿಟ್ಟೆ. ಕೂತ್ರೆ ತಡೆಯುತ್ತೆ, ಒಟ್ಟಿಗೆ ಕುಣಿದ್ರೆ ತಡೆಯಲ್ಲ ಅಂದಿದ್ರು ಇಂಜಿನಿಯರು."

"ಯಾರಿಗೂ ಹೇಳಲಿಲ್ವಾ?"

"ಹೇಳಿದ್ರೆ ಮುಚ್ಚಿಸ್ತಿದ್ರು."

ಆ ಮೇಲಿನ ಸಾಲಲ್ಲೇ ನಮ್ಮ ಮೊಮ್ಮಗಳು ಕೋರಾ ಬ್ಯಾಂಡಿನವರ ನಡುವೆ ಕಹಳೆ ಹಿಡಿದು ಕೂತಿದ್ದಳು.

ಅಷ್ಟರಲ್ಲಿ ನಮ್ಮ ತಂಡಕ್ಕೆ ಅಂಕ ಬಂತು. ಡೋಲು ಹೊಡೆದರು. ಇಡೀ ಗ್ಯಾಲರಿಯ ಮಕ್ಕಳು ಒಂದೇ ಮೈಯಾಗಿ ಎದ್ದು ಕುಣಿದರು. ಕಬ್ಬಿಣ ನರಳಿದ್ದು ನನಗೆ ಇಲ್ಲಿಗೇ ಕೇಳಿಸಿತು. ಮೇಲಿನ ಕಂಬಿ ತೂಗಾಡುತ್ತಿತ್ತು. ಪ್ರೆಸ್ಕಾಟನ ಮುಖ ಬಿಳುಚಿತು.

ಅರ್ಧ ಆಟದ ಸೀಟಿ ಆಯಿತು. ಹಾರ್ಲನ್ ತಡಬಡಿಸುತ್ತ ಮೈದಾನಕ್ಕಿಳಿದು ಮೈಕು ಹಿಡಿದ. "ಮಕ್ಕಳೇ, ಇಳೀರಿ. ಆ ಗ್ಯಾಲರಿ ಗಟ್ಟಿಯಿಲ್ಲ."

ಗೊಳ್ಳೆಂದು ನಕ್ಕರು. "ತಾತ ಮತ್ತೆ ಬೈತಿದಾನೆ, ಕುಣೀರೋ!" ಎಂದು ಯಾವನೋ ಕೂಗಿದ. ಡೋಲು ಮತ್ತೆ ಶುರುವಾಯಿತು. ಕಂಬಿ ಮತ್ತೆ ತೂಗಿತು.

ಇನ್ನೂ ಹೆದರಿಸಿದರೆ ನುಗ್ಗಿ ಓಡುತ್ತಾರೆ, ಅದು ಇನ್ನೂ ಕೇಡು. ಅವನ ಹಿಂದೆಯೇ ಇಳಿದಿದ್ದ ನಾನು ಮೈಕು ಕಿತ್ತುಕೊಂಡೆ.

"ಸುಮ್ನಿರ್ರೋ ತರ್ಲೆಗಳಾ! ಈ ಮುದುಕನಿಗೆ ನಿಮ್ಮೆಲ್ಲರ ಜೊತೆ ಇಲ್ಲಿ ಹುಲ್ಲಿನ ಮೇಲೆ ಫೋಟೋ ಬೇಕಂತೆ. ಬ್ಯಾಂಡಿನೋರು ಮೊದಲು. ಒಂದೊಂದೇ ಸಾಲು, ಮೆಲ್ಲಗೆ. ಓಡಿದೋರು ಫೋಟೋದಲ್ಲಿ ಇರಲ್ಲ!"

ಡೋಲು ನಿಂತಿತು. ಇಳಿಯತೊಡಗಿದರು. ಒಂದೊಂದು ಹೆಜ್ಜೆಗೂ ಕಬ್ಬಿಣ ಕಿರುಗುಟ್ಟುತ್ತಿತ್ತು. ನಾನು ನಗುತ್ತಲೇ ಕೈಬೀಸುತ್ತಿದ್ದೆ. ಕೋರಾ ಬಂದು ನನ್ನ ತೋಳು ಹಿಡಿದಳು. "ಅಜ್ಜಿ, ತಾತ ಯಾಕೆ ಅಳ್ತಿದಾರೆ?"

"ಫೋಟೋಗೆ ನಿಂತ್ಕೋ, ಆಮೇಲೆ ಹೇಳ್ತೀನಿ."

ಕೊನೆಯವನೂ ಇಳಿದ. ಖಾಲಿ ಗ್ಯಾಲರಿಯ ನೆತ್ತಿಯಲ್ಲಿ ಹೆಸರಿನ ಹಲಗೆಗೆ ಪರದೆ ಮುಚ್ಚಿಯೇ ಇತ್ತು. ಅಲ್ಲಿಂದ ಮೈದಾನದವರೆಗೆ ಇಳಿಬಿಟ್ಟಿದ್ದ ಅದರ ಹಗ್ಗ ಪ್ರೆಸ್ಕಾಟನ ಕೈಯಲ್ಲಿತ್ತು.

"ಸರ್, ಇದನ್ನ ಎಳೀಲಾ?"

"ಬೇಡ," ಎಂದ ಹಾರ್ಲನ್. "ಬೀಗ ತರಿಸು."